ವಿಂಡೋಸ್ 10 ನಿಂತ ಮೇಲೆ ಮನೆಲೆಕ್ಕ: ಲಿನಕ್ಸ್‌ಗೆ ಹೋದವರು ಸಿಕ್ಕಿಕೊಳ್ಳುವುದು ಎಲ್ಲಿ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಹೆಸರು ನೋಂದಾಯಿಸಿಕೊಂಡ ಮನೆ ಕಂಪ್ಯೂಟರುಗಳಿಗೆ ಮೈಕ್ರೋಸಾಫ್ಟ್ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಕೊಡಲು ಒಪ್ಪಿದೆ, ಅದರ ಗಡುವು 2026ರ ಅಕ್ಟೋಬರ್ 13. ವಿಂಡೋಸ್ 11 ಹಾಕೋಣವೆಂದರೆ ಭದ್ರತೆಗೆಂದೇ ಇರುವ ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಬಹುಪಾಲು ಎಂಟನೇ ತಲೆಮಾರಿನದ್ದೋ ಅದರಾಚೆಯದ್ದೋ ಆಗಿರಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಹತ್ತು ವರ್ಷದ ಹಿಂದೆ ಕೊಂಡು ಇಂದಿಗೂ ಚೆನ್ನಾಗಿಯೇ ಓಡುತ್ತಿರುವ ಕಂಪ್ಯೂಟರುಗಳು ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ರಿಪೇರಿಗೆ ಒಯ್ದರೆ ಸಿಗುವ ಸಲಹೆ ಒಂದೇ: ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯವ್ಯವಸ್ಥೆ ಹಾಕಿಸಿ, ಇನ್ನೂ ನಾಲ್ಕೈದು ವರ್ಷ ಬರುತ್ತದೆ.

ಸಲಹೆ ತಪ್ಪಲ್ಲ. ಬ್ರೌಸರ್, ವಿಡಿಯೊ, ಪತ್ರ ಬರೆಯುವ ಕೆಲಸ ಎಲ್ಲವೂ ಸಲೀಸಾಗಿ ನಡೆಯುತ್ತವೆ. ಕನ್ನಡ ಟೈಪಿಂಗ್‌ಗೆ ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಯಲ್ಲಿ ಕೆಜಿಪಿ ವಿನ್ಯಾಸದ ಕೀಲಿಮಣೆ ಸೇರಿಸಿಕೊಂಡರೆ ನುಡಿ ತಂತ್ರಾಂಶದಲ್ಲಿ ಪಳಗಿದ ಬೆರಳಿಗೆ ಹೊಸದೇನೂ ಅನಿಸುವುದಿಲ್ಲ. ತಕರಾರು ಶುರುವಾಗುವುದು ತಿಂಗಳ ಜಮಾಖರ್ಚು ಬರೆಯಲು ಕೂತಾಗ. 'ಲಿನಕ್ಸ್‌ನಲ್ಲಿ ಲೆಕ್ಕದ ಸಾಫ್ಟ್‌ವೇರೇ ಇಲ್ಲ' ಎಂಬ ದೂರು ಆಗ ಕೇಳಿಬರುತ್ತದೆ. ಸಂಕಟ ನಿಜ, ಕಾರಣ ಮಾತ್ರ ಬೇರೆ. ಸಾಫ್ಟ್‌ವೇರ್ ಇದೆ. ಅದರ ಬಾಯಿಗೆ ಹಾಕಬೇಕಾದ ದತ್ತಾಂಶವನ್ನು ಬ್ಯಾಂಕುಗಳು ನೆಟ್ಟಗಿನ ರೂಪದಲ್ಲಿ ಖಾತೆದಾರನ ಕೈಗೆ ಕೊಡುತ್ತಿಲ್ಲ.

ಏನು ಕೈಬಿಡುತ್ತದೆ

ಮೊದಲಿಗೆ ವ್ಯಾಪಾರದ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ. ಅಂಗಡಿ, ಮಂಡಿ, ತೆರಿಗೆ ಸಲಹೆಗಾರರ ಕಚೇರಿ, ಎಲ್ಲೆಡೆ ಇರುವುದು ಅದೇ, ಮತ್ತದು ವಿಂಡೋಸ್‌ಗಾಗಿ ಮಾಡಿದ್ದು. ವೈನ್ ಎಂಬ ಹೊಂದಾಣಿಕೆ ಪದರದ ಮೇಲೆ ಓಡಿಸಲು ಕೆಲವರು ಯತ್ನಿಸುತ್ತಾರೆ. ಅದಕ್ಕೆ ಅಧಿಕೃತ ಬೆಂಬಲವಿಲ್ಲ. ಲೈಸೆನ್ಸ್ ಸಕ್ರಿಯಗೊಳಿಸುವಾಗಲೋ ಪ್ರಿಂಟ್ ತೆಗೆಯುವಾಗಲೋ ಕೈಕೊಟ್ಟರೆ ಕೇಳುವವರಿಲ್ಲ. ಲಿನಕ್ಸ್ ಒಳಗೇ ವರ್ಚುವಲ್ ಯಂತ್ರ (ಕಂಪ್ಯೂಟರಿನೊಳಗೊಂದು ಕಂಪ್ಯೂಟರ್) ಮಾಡಿ ವಿಂಡೋಸ್ ಕೂರಿಸಬಹುದು. ಆದರೆ 4 ಜಿಬಿ ರ‍್ಯಾಮ್ ಇರುವ ಹಳೆಯ ಯಂತ್ರದಲ್ಲಿ ಎರಡು ವ್ಯವಸ್ಥೆ ಒಟ್ಟಿಗೆ ಉಸಿರಾಡಲಾರವು.

ಎರಡನೆಯದು ಆದಾಯ ತೆರಿಗೆ ರಿಟರ್ನ್ ತುಂಬುವ ಆಫ್‌ಲೈನ್ ಸಾಧನ. ಮುಂಚೆ ಅದರ ಜಾವಾ ಆವೃತ್ತಿ ಇತ್ತು, ಅದು ಲಿನಕ್ಸ್‌ನಲ್ಲೂ ಓಡುತ್ತಿತ್ತು. 2021ರಲ್ಲಿ ಜೇಸನ್ ಎಂಬ ಫೈಲು ರೂಪದ ಮೇಲೆ ನಿಂತ ಹೊಸ ಸಾಧನ ಬಂದಾಗ ಜಾವಾ ಆವೃತ್ತಿ ಹೋಯಿತು, ಹೊಸದು ವಿಂಡೋಸ್‌ಗಷ್ಟೇ ಬಂತು. ಎಕ್ಸೆಲ್ ರೂಪದ್ದು ಮ್ಯಾಕ್ರೊಗಳ (ಹಾಳೆಯೊಳಗಿನ ಪುಟ್ಟ ಪ್ರೋಗ್ರಾಂಗಳ) ಮೇಲೆ ನಿಂತಿದೆ, ಲಿನಕ್ಸ್ ಬಳಸುವವರ ಆಫೀಸ್ ಸಾಫ್ಟ್‌ವೇರ್ ಲಿಬ್ರೆಆಫೀಸ್‌ನಲ್ಲಿ ಅದನ್ನು ನೆಚ್ಚುವಂತಿಲ್ಲ. ಇಲ್ಲಿ ಸಮಾಧಾನದ ಸಂಗತಿಯೂ ಇದೆ. ಸಂಬಳ, ಪಿಂಚಣಿ, ಬಾಡಿಗೆ, ಬಡ್ಡಿಯಷ್ಟೇ ಇರುವವರು ರಿಟರ್ನ್ ನಮೂನೆ ಐಟಿಆರ್-1 ಅಥವಾ 2ನ್ನು ಬ್ರೌಸರ್‌ನಲ್ಲೇ ಪೂರ್ತಿ ತುಂಬಿ ಸಲ್ಲಿಸಬಹುದು, ಸಾಧನದ ಹಂಗೇ ಇಲ್ಲ. ವಾರ್ಷಿಕ ಮಾಹಿತಿ ಪಟ್ಟಿ, ಅಂದರೆ ಎಐಎಸ್, ಪಿಡಿಎಫ್ ಆಗಿ ಇಳಿಯುತ್ತದೆ. ಅದರ ಪಾಸ್‌ವರ್ಡ್ ಸಣ್ಣಕ್ಷರದ ಪ್ಯಾನ್, ಅದಕ್ಕೆ ಅಂಟಿಸಿ ದಿನ-ತಿಂಗಳು-ವರ್ಷ ಕ್ರಮದಲ್ಲಿ ಎಂಟಂಕಿಯ ಜನ್ಮದಿನಾಂಕ.

ಹಾಗಾದರೆ ಇರುವುದೇನು

ಮನೆಲೆಕ್ಕಕ್ಕೆ ಲಿನಕ್ಸ್‌ನಲ್ಲಿ ಬಹುಕಾಲದಿಂದ ನಿಂತಿರುವುದು ಗ್ನುಕ್ಯಾಶ್. ಜೋಡಿ ನಮೂದು ಪದ್ಧತಿಯದು (ಪ್ರತಿ ವಹಿವಾಟೂ ಕನಿಷ್ಠ ಎರಡು ಖಾತೆಗಳಲ್ಲಿ ಬರೆಯಲ್ಪಡುತ್ತದೆ), ಉಚಿತ, ವಿಂಡೋಸ್‌ನಲ್ಲೂ ಅದೇ ಫೈಲು ತೆರೆಯುತ್ತದೆ. ಇನ್ನಷ್ಟು ನಯವಾದ ಪರದೆ ಬೇಕೆನ್ನುವವರಿಗೆ ಕೆಮೈಮನಿ, ಸರಳ ಜಮಾಖರ್ಚಿಗೆ ಹೋಮ್‌ಬ್ಯಾಂಕ್, ಬರೀ ಪಠ್ಯದಲ್ಲಿ ಲೆಕ್ಕ ಬರೆಯಬಲ್ಲವರಿಗೆ ಎಚ್‌ಲೆಡ್ಜರ್. ಇವುಗಳಲ್ಲಿ ಯಾವುದೂ ಜಿಎಸ್‌ಟಿ ವಹಿವಾಟಿಗೆ ಟ್ಯಾಲಿಯ ಜಾಗ ತುಂಬುವುದಿಲ್ಲ. ಮನೆ ಮತ್ತು ತೋಟದ ಲೆಕ್ಕಕ್ಕೆ ಮಾತ್ರ ಗ್ನುಕ್ಯಾಶ್ ಬೇಕಾದಷ್ಟಾಯಿತು.

ಒಂದು ಸಂಗತಿ ಮೊದಲೇ ಗೊತ್ತಿರಲಿ. ಮಳೆಗಾಲದಲ್ಲಿ ಕರೆಂಟು ಹಠಾತ್ತನೆ ಹೋದರೆ ಗ್ನುಕ್ಯಾಶ್ ತನ್ನ ಫೈಲಿನ ಪಕ್ಕದಲ್ಲಿಟ್ಟ ಬೀಗದ ಫೈಲು ಹಾಗೇ ಉಳಿಯುತ್ತದೆ. ಮುಂದಿನ ಸಲ ತೆರೆದಾಗ 'ಬೇರೆ ಯಾರೋ ಬಳಸುತ್ತಿದ್ದಾರೆ' ಎಂಬರ್ಥದ ಎಚ್ಚರಿಕೆ ಬರುತ್ತದೆ. ಲೆಕ್ಕ ಹಾಳಾಯಿತೆಂದು ಗಾಬರಿಯಾಗಬೇಕಿಲ್ಲ. ಇನ್ನೊಂದು ಕಡೆ ಅದೇ ಫೈಲು ತೆರೆದಿಲ್ಲ ಎಂದು ಖಾತ್ರಿಯಿದ್ದರೆ 'ಹೇಗಾದರೂ ತೆರೆ' ಎಂಬುದನ್ನು ಒತ್ತಿದರಾಯಿತು. ಮಾಮೂಲಿ ಎಕ್ಸ್‌ಎಂಎಲ್ ಫೈಲಿನಲ್ಲಿ ಕೊನೆಯ ಸಲ ಉಳಿಸಿದ ಮೇಲೆ ಬರೆದ ನಮೂದುಗಳು ಇರುವುದಿಲ್ಲ. 'ಬೇರೆ ರೂಪದಲ್ಲಿ ಉಳಿಸು' ಆಯ್ಕೆಯಲ್ಲಿ ಎಸ್‌ಕ್ಯುಲೈಟ್ ಆರಿಸಿಕೊಂಡರೆ ಪ್ರತಿ ನಮೂದೂ ಬರೆದ ಕೂಡಲೇ ಡಿಸ್ಕಿಗೆ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟಿನ ಭರವಸೆಯಿಲ್ಲದ ಊರುಗಳಿಗೆ ಇದೇ ವಾಸಿ.

ಗಂಟು ಇರುವುದು ಸ್ಟೇಟ್‌ಮೆಂಟಿನಲ್ಲಿ

1997ರಲ್ಲಿ ಮೈಕ್ರೋಸಾಫ್ಟ್, ಇಂಟ್ಯೂಟ್, ಚೆಕ್‌ಫ್ರೀ ಕಂಪನಿಗಳು ಸೇರಿ ಬ್ಯಾಂಕಿನ ವಹಿವಾಟನ್ನು ಲೆಕ್ಕದ ಸಾಫ್ಟ್‌ವೇರ್‌ಗೆ ತಲುಪಿಸಲು ಒಎಫ್‌ಎಕ್ಸ್ ಎಂಬ ಮಾದರಿಯನ್ನು ರೂಪಿಸಿದವು. ಇದರಲ್ಲಿ ಪ್ರತಿ ವಹಿವಾಟಿಗೂ ಅದರದೇ ಗುರುತಿನ ಸಂಖ್ಯೆ ಇರುತ್ತದೆ. ಒಂದೇ ತಿಂಗಳನ್ನು ಎರಡು ಸಲ ಒಳಗೆ ತಂದರೂ ಸಾಫ್ಟ್‌ವೇರ್ 'ಇದು ಆಗಲೇ ಬಂದಿದೆ' ಎಂದು ಗುರುತಿಸುತ್ತದೆ. ಜರ್ಮನಿಯಲ್ಲಿ ಫಿಂಟಿಎಸ್ ಎಂಬ ಮಾದರಿಯಿದೆ. ಅಲ್ಲಿ ಲಿನಕ್ಸ್ ಬಳಸುವವರು ಗ್ನುಕ್ಯಾಶ್ ಒಳಗಿಂದಲೇ ತಮ್ಮ ಬ್ಯಾಂಕಿನ ವಹಿವಾಟು ಇಳಿಸಿಕೊಳ್ಳುತ್ತಾರೆ.

ನಮ್ಮಲ್ಲಿ ಹೆಚ್ಚಿನ ಬ್ಯಾಂಕುಗಳು ಕೊಡುವುದು ಪಾಸ್‌ವರ್ಡ್ ಹಾಕಿದ ಪಿಡಿಎಫ್, ಇಲ್ಲವೆ 'ಎಕ್ಸೆಲ್'. ಆ ಎಕ್ಸೆಲ್ ಎಷ್ಟೋ ಸಲ ಹೆಸರಿಗಷ್ಟೇ ಎಕ್ಸೆಲ್, ಒಳಗಿರುವುದು ಟ್ಯಾಬ್ ಹಾಕಿ ಬೇರ್ಪಡಿಸಿದ ಬರಿಯ ಪಠ್ಯ. ಮೈಕ್ರೋಸಾಫ್ಟ್ ಎಕ್ಸೆಲ್ ಒಂದು ಎಚ್ಚರಿಕೆ ತೋರಿಸಿ ತೆರೆದುಬಿಡುತ್ತದೆ. ಲಿಬ್ರೆಆಫೀಸ್ 'ಪಠ್ಯ ಆಮದು' ಎಂಬ ಪೆಟ್ಟಿಗೆಯನ್ನು ಮುಂದಿಡುತ್ತದೆ, ಹೊಸಬರು ಅಲ್ಲಿಯೇ ಕೈಚೆಲ್ಲುತ್ತಾರೆ. ಲಿನಕ್ಸ್ ಕೆಟ್ಟದ್ದು ಎಂಬ ತೀರ್ಮಾನಕ್ಕೆ ಬರುವುದೂ ಆ ಪೆಟ್ಟಿಗೆಯ ಮುಂದೆಯೇ. ಫೈಲು ಕೊಟ್ಟವರು ಸರಿಯಾಗಿ ಕೊಟ್ಟಿದ್ದರೆ ಆ ಪೆಟ್ಟಿಗೆ ಕಾಣಿಸುತ್ತಲೇ ಇರಲಿಲ್ಲ.

ಒಂದು ತಿಂಗಳ ಸ್ಟೇಟ್‌ಮೆಂಟನ್ನು ಒಳಗೆ ತರುವ ಕ್ರಮ

ಆಯ್ಕೆಯಿದ್ದರೆ ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಪಠ್ಯದ ಫೈಲು, ಅಂದರೆ ಸಿಎಸ್‌ವಿ ಇಳಿಸಿಕೊಳ್ಳಿ, ಇಲ್ಲದಿದ್ದರೆ ಎಕ್ಸೆಲ್. ಪಿಡಿಎಫ್ ಕೊನೆಯ ದಾರಿ. ಪಿಡಿಎಫ್ಫೇ ಗತಿಯಾದರೆ ಕ್ಯುಪಿಡಿಎಫ್ ಎಂಬ ಸಾಧನದಿಂದ ಪಾಸ್‌ವರ್ಡ್ ತೆಗೆದು, ಟ್ಯಾಬ್ಯುಲಾದಿಂದ ಕೋಷ್ಟಕ ಹೊರತೆಗೆಯಬೇಕು. ವಿವರಣೆ ಎರಡು ಸಾಲಿಗೆ ಮುರಿದಿರುವ ಕಡೆ ಟ್ಯಾಬ್ಯುಲಾ ಎರಡು ವಹಿವಾಟು ಎಂದುಕೊಳ್ಳುತ್ತದೆ, ಅಂಥವನ್ನು ಕೈಯಾರೆ ಕೂಡಿಸಬೇಕಾಗುತ್ತದೆ. ಅಪರಿಚಿತ ವೆಬ್‌ಸೈಟುಗಳಿಗೆ ಸ್ಟೇಟ್‌ಮೆಂಟ್ ಏರಿಸಿ ಪರಿವರ್ತಿಸಿಕೊಳ್ಳುವ ಅಭ್ಯಾಸ ಬೇಡವೇ ಬೇಡ. ನಿಮ್ಮ ಹೆಸರು, ವಿಳಾಸ, ಖಾತೆ ಸಂಖ್ಯೆ, ಶಿಲ್ಕು ಎಲ್ಲವೂ ಅದರಲ್ಲಿರುತ್ತವೆ.

ಫೈಲನ್ನು ಲಿಬ್ರೆಆಫೀಸ್‌ನಲ್ಲಿ ತೆರೆಯುವಾಗ ಪಠ್ಯ ಆಮದು ಪೆಟ್ಟಿಗೆಯಲ್ಲಿ ಅಕ್ಷರ ಸಂಕೇತ ಯುಟಿಎಫ್-8, ಭಾಷೆ ಇಂಗ್ಲಿಷ್ (ಭಾರತ), ಬೇರ್ಪಡಿಸುವ ಚಿಹ್ನೆ ಟ್ಯಾಬ್ (ಸಿಎಸ್‌ವಿ ಆದರೆ ಅಲ್ಪವಿರಾಮ) ಎಂದು ಕೊಡಿ. ಭಾಷೆ ಅಮೆರಿಕದ್ದಾಗಿದ್ದರೆ 03/04/2025 ಎಂಬ ಏಪ್ರಿಲ್ 3 ಮಾರ್ಚ್ 4 ಆಗಿ ಹಿಂದಿನ ಆರ್ಥಿಕ ವರ್ಷಕ್ಕೆ ಜಾರುತ್ತದೆ. 13ರಿಂದ ಮುಂದಿನ ತಾರೀಕುಗಳು ನೋಡಲು ಇದ್ದ ಹಾಗೆಯೇ ಉಳಿಯುವುದರಿಂದ ತಪ್ಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಉಲ್ಲೇಖ ಸಂಖ್ಯೆ, ಖಾತೆ ಸಂಖ್ಯೆ ಇರುವ ಕಂಬಗಳನ್ನು (ಕಾಲಂ) 'ಪಠ್ಯ' ಎಂದು ಗುರುತಿಸಿ. ಇಲ್ಲವಾದರೆ ಮೊದಲಿಗಿರುವ ಸೊನ್ನೆಗಳು ಹಾರಿಹೋಗುತ್ತವೆ, ಹದಿನೈದಂಕಿ ಮೀರಿದ ಸಂಖ್ಯೆಗಳ ಕೊನೆಯಂಕಿಗಳು ಕೆಡುತ್ತವೆ.

ಮೇಲಿನ ವಿಳಾಸದ ಸಾಲುಗಳನ್ನೂ ಕೆಳಗಿನ 'ಇದು ಕಂಪ್ಯೂಟರ್ ತಯಾರಿಸಿದ ಸ್ಟೇಟ್‌ಮೆಂಟ್' ಎಂಬ ಸಾಲನ್ನೂ ಅಳಿಸಿ. ಮೊತ್ತದಲ್ಲಿನ ಅಲ್ಪವಿರಾಮಗಳನ್ನು ತೆಗೆದುಹಾಕಿ. ಕೆಲವು ಬ್ಯಾಂಕುಗಳು ಮೊತ್ತದ ಬಾಲಕ್ಕೆ ಸಿಆರ್ (ಜಮಾ), ಡಿಆರ್ (ಖರ್ಚು) ಅಂಟಿಸುತ್ತವೆ. ಅಂಥ ಕಂಬ ಸಂಖ್ಯೆಯೇ ಅಲ್ಲ, ಪಠ್ಯ. ಅಕ್ಷರ ಬೇರ್ಪಡಿಸಿ, ಡಿಆರ್ ಇದ್ದಲ್ಲಿ ಮೊತ್ತಕ್ಕೆ ಋಣ ಚಿಹ್ನೆ ಬರುವಂತೆ 'ಇಫ್' ಸೂತ್ರವೊಂದನ್ನು ಹಾಕಿಕೊಳ್ಳಬೇಕು.

ಇನ್ನು ಮುಖ್ಯವಾದ ಮಾತು, ಇದನ್ನು ಹೇಳುವವರು ಕಡಿಮೆ. ಗ್ನುಕ್ಯಾಶ್ ಹಿಂದಿನ ನಮೂದುಗಳಿಂದ ಕಲಿತು ಮುಂದಿನ ಖರ್ಚನ್ನು ತಾನೇ ಸರಿಯಾದ ಬಾಬ್ತಿಗೆ ಹಾಕಬಲ್ಲದು. ಅದಕ್ಕಾಗಿ ಅದು ವಿವರಣೆಯನ್ನು ಪದಪದವಾಗಿ ಬಿಡಿಸುತ್ತದೆ, ಪದ ಎಂದರೆ ಖಾಲಿ ಜಾಗದ ನಡುವೆ ಇರುವುದು. ನಮ್ಮ ಯುಪಿಐ ವಿವರಣೆಯಲ್ಲಿ ಖಾಲಿ ಜಾಗವೇ ಇರುವುದಿಲ್ಲ. ಯುಪಿಐ, ಡಿಆರ್, ಹನ್ನೆರಡಂಕಿಯ ಸಂಖ್ಯೆ, ಅಂಗಡಿಯ ಹೆಸರು, ಬ್ಯಾಂಕಿನ ಹೆಸರು ಎಲ್ಲ ಓರೆಗೆರೆ (/) ಹಾಕಿ ಒಂದೇ ಸರಪಳಿ. ಅದರ ಮಧ್ಯೆ ಪ್ರತಿ ಸಲವೂ ಬದಲಾಗುವ ಸಂಖ್ಯೆ. ಹೀಗಾಗಿ ಅದೇ ಕಿರಾಣಿ ಅಂಗಡಿಗೆ ಐವತ್ತು ಸಲ ಕೊಟ್ಟರೂ ಗ್ನುಕ್ಯಾಶ್‌ಗೆ ಅವು ಐವತ್ತು ಹೊಸ ಪದಗಳು, ಅದು ಏನನ್ನೂ ಕಲಿಯುವುದಿಲ್ಲ. ಪರಿಹಾರ ಅರ್ಧ ನಿಮಿಷದ್ದು: ಆಮದಿಗೆ ಮುಂಚೆ ವಿವರಣೆಯ ಕಂಬವನ್ನು ಆರಿಸಿಕೊಂಡು, ಹುಡುಕು-ಬದಲಿಸು ಪೆಟ್ಟಿಗೆಯಲ್ಲಿ ಪ್ರತಿ ಓರೆಗೆರೆಯ ಜಾಗಕ್ಕೆ ಒಂದು ಖಾಲಿ ಜಾಗ ಕೊಡಿ. ಎರಡು ಮೂರು ತಿಂಗಳಲ್ಲಿ ಹೆಚ್ಚಿನ ನಮೂದುಗಳು ತಾವಾಗಿ ಸರಿಯಾದ ಬಾಬ್ತಿಗೆ ಬೀಳತೊಡಗುತ್ತವೆ.

ಈಗ ಸಿಎಸ್‌ವಿ ಆಗಿ ಉಳಿಸಿ. ಗ್ನುಕ್ಯಾಶ್‌ನ ಆಮದು ಪಟ್ಟಿಯಲ್ಲಿ ಸಿಎಸ್‌ವಿ ವಹಿವಾಟುಗಳನ್ನು ಆರಿಸಿ, ದಿನಾಂಕದ ಕ್ರಮ ದಿನ-ತಿಂಗಳು-ವರ್ಷ ಎಂದು ಕೊಡಿ. ಜಮಾ ಕಂಬಕ್ಕೆ 'ಮೊತ್ತ', ಖರ್ಚಿನ ಕಂಬಕ್ಕೆ 'ಮೊತ್ತ, ಋಣವಾಗಿ' ಎಂಬರ್ಥದ ಆಯ್ಕೆ. ಈ ಹೊಂದಾಣಿಕೆಯನ್ನು ಬ್ಯಾಂಕಿನ ಹೆಸರಿನಲ್ಲಿ ಉಳಿಸಿಟ್ಟುಕೊಂಡರೆ ಮುಂದಿನ ತಿಂಗಳು ಮತ್ತೆ ಕೇಳುವುದಿಲ್ಲ. ಸಿಎಸ್‌ವಿಯಲ್ಲಿ ಒಎಫ್‌ಎಕ್ಸ್‌ನಂತೆ ಗುರುತಿನ ಸಂಖ್ಯೆ ಇರುವುದಿಲ್ಲವಾದ್ದರಿಂದ ದಿನಾಂಕಗಳು ಒಂದರ ಮೇಲೊಂದು ಹಾಯದಂತೆ ನೋಡಿಕೊಳ್ಳಬೇಕು: ಒಂದನೇ ತಾರೀಕಿನಿಂದ ಕೊನೆಯ ತಾರೀಕಿನವರೆಗೆ, ತಿಂಗಳಿಗೊಂದು ಫೈಲು. ಒಂದೇ ದಿನ ಒಂದೇ ಮೊತ್ತ ಎರಡು ಸಲ ಹೋಗಿದ್ದರೆ ಗ್ನುಕ್ಯಾಶ್ ಎರಡನೆಯದನ್ನು ನಕಲು ಎಂದು ಬಿಡಲೂಬಹುದು. ಆದ್ದರಿಂದ ಕೊನೆಗೆ ಶಿಲ್ಕು ತಾಳೆ ನೋಡಿಯೇ ಮುಗಿಸಿ.

ಮೊದಲ ಸಲ ಇದಕ್ಕೆ ಅರ್ಧ ದಿನ ಹಿಡಿದೀತು. ಆಮೇಲೆ ತಿಂಗಳಿಗೆ ಕಾಲು ಗಂಟೆಯ ಕೆಲಸ.

'ಮೊಬೈಲ್ ಆ್ಯಪ್ ಇದೆಯಲ್ಲ'

ಇಷ್ಟೆಲ್ಲ ಕಷ್ಟವೇಕೆ, ಎಸ್‌ಎಂಎಸ್ ಓದಿ ತಾನೇ ಲೆಕ್ಕ ಹಾಕುವ ಆ್ಯಪ್ ಸಾಕು ಎನ್ನುವವರಿದ್ದಾರೆ. ತಿಂಗಳ ಸಂಬಳದವರಿಗೆ ಈ ವಾದದಲ್ಲಿ ಹುರುಳಿದೆ. ಅಡಿಕೆ ಬೆಳೆಗಾರನ ಹಣ ಹಾಗೆ ಹರಿಯುವುದಿಲ್ಲ.

ಲೆಕ್ಕಕ್ಕೆಂದು ಒಂದು ಮಾರಾಟ ತೆಗೆದುಕೊಳ್ಳೋಣ. ಸಹಕಾರ ಸಂಘದಲ್ಲಿ ದಾಸ್ತಾನಿಟ್ಟಿದ್ದ 10 ಕ್ವಿಂಟಾಲ್ ರಾಶಿ ಅಡಿಕೆ, ಕ್ವಿಂಟಾಲಿಗೆ 50,000ದಂತೆ, ಒಟ್ಟು 5,00,000 ರೂಪಾಯಿ. ಆ ಅಡಿಕೆಯ ಮೇಲೆ ಮೊದಲೇ ತೆಗೆದಿದ್ದ ಮುಂಗಡ 1,50,000, ಅದರ ಬಡ್ಡಿ 4,500, ಹಮಾಲಿ ಮತ್ತಿತರ ಕಡಿತ 3,500. ಬ್ಯಾಂಕಿಗೆ ಬೀಳುವುದು 3,42,000. ಎಸ್‌ಎಂಎಸ್‌ನಲ್ಲಿ ಬರುವುದೂ ಅಷ್ಟೇ, ಆ್ಯಪ್‌ಗೆ ಕಾಣುವ ಆದಾಯವೂ ಅಷ್ಟೇ. ಉಳಿದ 1,58,000 ಅದರ ಪಾಲಿಗೆ ಹುಟ್ಟಿಯೇ ಇಲ್ಲ. ಗ್ನುಕ್ಯಾಶ್‌ನಲ್ಲಿ ಇದು ಒಂದೇ ನಮೂದಿನ ಐದು ಸಾಲು: ಅಡಿಕೆ ಆದಾಯ 5,00,000 ಒಂದು ಕಡೆ, ಬ್ಯಾಂಕು, ಮುಂಗಡ ಸಾಲ, ಬಡ್ಡಿ, ಕಡಿತ ಇನ್ನೊಂದು ಕಡೆ. ಮಂಡಿ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಬರೆದರೆ ಪೈಸೆ ಪೈಸೆ ತಾಳೆಯಾಗುತ್ತದೆ.

ಬೆಳೆ ಸಾಲದ ನವೀಕರಣ ಇನ್ನೂ ವಿಚಿತ್ರ ಚಿತ್ರ ಕೊಡುತ್ತದೆ. ರಾಜ್ಯದಲ್ಲಿ ಸಹಕಾರ ಸಂಘಗಳ ಮೂಲಕ 5 ಲಕ್ಷದವರೆಗೆ ಬಡ್ಡಿಯಿಲ್ಲದ ಬೆಳೆ ಸಾಲ ಸಿಗುತ್ತದೆ, ಗಡುವಿನೊಳಗೆ ಕಟ್ಟಿ ಮತ್ತೆ ಎತ್ತುವುದು ರೂಢಿ. 3 ಲಕ್ಷ ಕಟ್ಟಿ ವಾರದಲ್ಲಿ 3 ಲಕ್ಷ ಎತ್ತಿದರೆ ಆ್ಯಪ್ ಅದನ್ನು ಮೂರು ಲಕ್ಷ ಖರ್ಚು, ಮೂರು ಲಕ್ಷ ಆದಾಯ ಎಂದು ತೋರಿಸುತ್ತದೆ. ನಿಜದಲ್ಲಿ ಎರಡೂ ಸೊನ್ನೆ, ಸಾಲ ಇದ್ದಲ್ಲೇ ಇದೆ.

ಮೈಲುತುತ್ತ, ಸುಣ್ಣ, ಗೊಬ್ಬರ, ಕೊನೆ ಕೊಯ್ಲು, ಸುಲಿಯುವ ಕೂಲಿ, ಇವು ಬಹುಪಾಲು ನಗದಿನಲ್ಲೇ ಹೋಗುತ್ತವೆ, ಎಸ್‌ಎಂಎಸ್ ಬರುವುದೇ ಇಲ್ಲ. ಕೊಯ್ಲಿನ ಖರ್ಚು ಮಾರ್ಚ್ ಒಳಗೆ, ಮಾರಾಟ ಬೆಲೆ ನೋಡಿಕೊಂಡು ಜೂನ್‌ನಲ್ಲಿ ಎಂದಾದರೆ ಎರಡೂ ಬೇರೆ ಬೇರೆ ಆರ್ಥಿಕ ವರ್ಷಕ್ಕೆ ಬೀಳುತ್ತವೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯಿಲ್ಲ ನಿಜ. ಆದರೆ ಬೇರೆ ಆದಾಯವೂ ತೆರಿಗೆಯ ಮಿತಿ ದಾಟುವಷ್ಟಿದ್ದು, ಕೃಷಿ ಆದಾಯ ವರ್ಷಕ್ಕೆ 5,000 ಮೀರಿದರೆ ತೆರಿಗೆಯ ದರ ನಿರ್ಧರಿಸುವಾಗ ಅದನ್ನೂ ಸೇರಿಸುತ್ತಾರೆ. 5 ಲಕ್ಷ ಮೀರಿದರೆ ರಿಟರ್ನ್‌ನಲ್ಲಿ ಜಮೀನಿನ ವಿಸ್ತೀರ್ಣ, ಜಿಲ್ಲೆ, ನೀರಾವರಿಯೋ ಮಳೆಯಾಶ್ರಿತವೋ ಎಂಬ ವಿವರವನ್ನೂ ಕೊಡಬೇಕು. ನೌಕರಿ ಅಥವಾ ಪಿಂಚಣಿಯ ಜೊತೆಗೆ ತೋಟವೂ ಇರುವ ಮಲೆನಾಡಿನ ಮನೆಗಳಿಗೆ ಖರ್ಚಿನ ಪುಸ್ತಕ ನೇರವಾಗಿ ಬೇಕಾಗುವುದು ಇಲ್ಲಿ.

ಮಾರದ ದಾಸ್ತಾನನ್ನೂ ಗ್ನುಕ್ಯಾಶ್‌ನಲ್ಲಿ ಷೇರಿನ ಹಾಗೆ ಇಡಬಹುದು, ಕ್ವಿಂಟಾಲು ಏಕಮಾನ ಮಾಡಿ ನೂರರಲ್ಲೊಂದು ಭಾಗದ ನಿಖರತೆ ಕೊಟ್ಟರೆ ಕಿಲೋ ಲೆಕ್ಕವೂ ಸಿಗುತ್ತದೆ. ಆದರೂ ಬೇಡ ಎನ್ನುವುದೇ ಒಳ್ಳೆಯದು. ಮಾರದ ಅಡಿಕೆಗೆ ಬೆಲೆ ಕಟ್ಟಿದರೆ ಅದೇ ಆದಾಯ ಎರಡು ಸಲ ಲೆಕ್ಕಕ್ಕೆ ಬರುವ ಅಪಾಯವಿದೆ. ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಅಡಿಕೆಯ ಬಗೆವಾರು ತೂಕವನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟರೆ ಸಾಕು.

ಬ್ಯಾಂಕಿನ ಮಾತು, ಬಳಕೆದಾರನ ಮಾತು

ಪಿಡಿಎಫ್ ತಿದ್ದಲು ಕಷ್ಟ, ಸಿಎಸ್‌ವಿ ಸುಲಭ, ನಕಲಿ ಸ್ಟೇಟ್‌ಮೆಂಟಿನ ಹಾವಳಿ ಹೆಚ್ಚುತ್ತದೆ ಎಂಬುದು ಬ್ಯಾಂಕಿನ ಕಡೆಯ ವಾದ. ಸಾಲಕ್ಕೆ ಅರ್ಜಿ ಹಾಕುವಾಗ ಈ ಮಾತಿಗೆ ತೂಕವಿದೆ. ತನ್ನ ಮನೆಯ ಲೆಕ್ಕ ತಾನು ಬರೆದುಕೊಳ್ಳುವವನು ಯಾರಿಗೆ ಮೋಸ ಮಾಡಿಯಾನು? ಎರಡು ಕೆಲಸಕ್ಕೆ ಎರಡು ರೂಪ ಕೊಡಲು ತಾಂತ್ರಿಕ ಅಡ್ಡಿ ಏನೂ ಇಲ್ಲ.

ಅಡ್ಡಿ ಇಲ್ಲ ಎನ್ನಲು ಪುರಾವೆ ರಿಸರ್ವ್ ಬ್ಯಾಂಕಿನ ವ್ಯವಸ್ಥೆಯಲ್ಲೇ ಇದೆ. 2016ರಲ್ಲಿ ಅಕೌಂಟ್ ಅಗ್ರಿಗೇಟರ್‌ಗಳ ನಿಯಮ ಬಂತು, 2021ರ ಸೆಪ್ಟೆಂಬರ್‌ನಲ್ಲಿ ಜಾಲ ಸಾರ್ವಜನಿಕವಾಗಿ ಶುರುವಾಯಿತು. ಇದರಲ್ಲಿ ಖಾತೆದಾರ ಒಪ್ಪಿಗೆ ಕೊಟ್ಟರೆ ಅವನ ವಹಿವಾಟಿನ ಪಟ್ಟಿ ಏಕರೂಪದ, ಯಂತ್ರ ಓದಬಲ್ಲ ಮಾದರಿಯಲ್ಲಿ ಸಾಲ ಕೊಡುವ ಸಂಸ್ಥೆಗೆ ಹೋಗುತ್ತದೆ. ಆ ಮಾದರಿಯನ್ನು ರೂಪಿಸಿದ್ದು ರಿಸರ್ವ್ ಬ್ಯಾಂಕಿನದೇ ಅಂಗಸಂಸ್ಥೆ ರೀಬಿಟ್. ಆದರೆ ಅದನ್ನು ಪಡೆಯುವ ಹಕ್ಕಿರುವುದು ರಿಸರ್ವ್ ಬ್ಯಾಂಕ್, ಷೇರುಪೇಟೆಯ ನಿಯಂತ್ರಕ ಸೆಬಿ, ವಿಮೆ ಅಥವಾ ಪಿಂಚಣಿ ಪ್ರಾಧಿಕಾರದ ಅಂಕೆಯಲ್ಲಿರುವ ಸಂಸ್ಥೆಗಳಿಗೆ ಮಾತ್ರ. ಗ್ನುಕ್ಯಾಶ್ ಕಂಪನಿಯಲ್ಲ, ಸ್ವಯಂಸೇವಕರು ಬರೆಯುವ ಸಾಫ್ಟ್‌ವೇರ್. ಅದು ಈ ಬಾಗಿಲಿನಿಂದ ಒಳಗೆ ಬರಲಾರದು. ನಮ್ಮದೇ ಲೆಕ್ಕ ಸಾಲ ಕೊಡುವವನಿಗೆ ಶುಚಿಯಾಗಿ ಹೋಗುತ್ತದೆ, ನಮಗೆ ಪಾಸ್‌ವರ್ಡ್ ಹಾಕಿದ ಪಿಡಿಎಫ್ ಬರುತ್ತದೆ. ಇದು ಸರಿಯಲ್ಲ, ಸರಿಪಡಿಸಬೇಕಾದ್ದು.

ಕಾನೂನಿನಲ್ಲಿ ಇದಕ್ಕೆ ಜಾಗವಿತ್ತು. 2019ರ ದತ್ತಾಂಶ ಸಂರಕ್ಷಣಾ ಮಸೂದೆಯಲ್ಲಿ ತನ್ನ ದತ್ತಾಂಶವನ್ನು ಬಳಸಬಹುದಾದ ರೂಪದಲ್ಲಿ ಕೇಳಿ ಪಡೆಯುವ ಹಕ್ಕು ಸೇರಿತ್ತು. 2023ರಲ್ಲಿ ಕಾಯ್ದೆಯಾದಾಗ ಆ ಹಕ್ಕು ಉಳಿದಿರಲಿಲ್ಲ.

ಮುಂದೆ ಏನಾಗಬಹುದು

ಹಳೆಯ ಕಂಪ್ಯೂಟರಿನಲ್ಲಿ ಅಪ್‌ಡೇಟ್ ಇಲ್ಲದ ವಿಂಡೋಸ್ 10ನ್ನೇ ಇಟ್ಟುಕೊಂಡು ನೆಟ್‌ಬ್ಯಾಂಕಿಂಗ್ ಮಾಡುವವರ ಸಂಖ್ಯೆ ಹೆಚ್ಚುತ್ತದೆ, ಅತ್ಯಂತ ಅಪಾಯದ ದಾರಿ ಅದು. ಇನ್ನು ಕೆಲವರು ಲೆಕ್ಕವನ್ನು ಪೂರಾ ಮೊಬೈಲಿಗೆ ಒಪ್ಪಿಸುತ್ತಾರೆ. ಸೇವೆ ನಿಂತರೆ ಪುಸ್ತಕವೂ ಹೋಗುತ್ತದೆ ಎಂಬುದನ್ನು ಅವರು ನೆನಪಿಡಬೇಕು: ಲೆಕ್ಕದ ಸಾಫ್ಟ್‌ವೇರ್‌ಗಳಲ್ಲೇ ಮೈಕ್ರೋಸಾಫ್ಟ್ ಮನಿ 2009ರಲ್ಲಿ ಮಾರಾಟ ನಿಲ್ಲಿಸಿತು, ಕ್ವಿಕ್‌ಬುಕ್ಸ್ 2023ರಲ್ಲಿ ಭಾರತದಿಂದ ಹೊರಟಿತು. ಟ್ಯಾಲಿ ಬೇಕೇಬೇಕಾದವರು ಒಂದು ವಿಂಡೋಸ್ 11 ಯಂತ್ರ ಇಟ್ಟುಕೊಳ್ಳುವುದೇ ನೇರ ದಾರಿ, ವೈನ್ ಜೊತೆ ಗುದ್ದಾಡುವುದಕ್ಕಿಂತ ಅಗ್ಗ.

ಲಿನಕ್ಸ್‌ಗೆ ಹೋಗಲು ತೀರ್ಮಾನಿಸಿದವರು ಹಳೆಯ ವಿಂಡೋಸ್ ಅಳಿಸುವ ಮುನ್ನ ಟ್ಯಾಲಿಯ ಖಾತೆಗಳನ್ನು ಎಕ್ಸೆಲ್ ಮತ್ತು ಎಕ್ಸ್‌ಎಂಎಲ್ ಎರಡರಲ್ಲೂ ಹೊರತೆಗೆದಿಡಬೇಕು. ನುಡಿಯ ಹಳೆಯ ಆಸ್ಕಿ ಅಕ್ಷರದಲ್ಲಿ ಬರೆದ ಹಾಳೆಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು, ಆ ಫಾಂಟ್ ಇಲ್ಲದ ಕಡೆ ಅವು ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ. ಹೊಸ ಪುಸ್ತಕವನ್ನು ಏಪ್ರಿಲ್ 1ರಿಂದ ಆರಂಭಿಸುವುದು ಅನುಕೂಲ. ಮಾರ್ಚ್ 31ರ ಶಿಲ್ಕುಗಳೇ ಆರಂಭದ ಶಿಲ್ಕು.

ಪ್ರಾಥಮಿಕ ಕೃಷಿ ಪತ್ತಿನ ಸಂಘದ ಖಾತೆಗೆ ಮಾತ್ರ ಸದ್ಯಕ್ಕೆ ಯಾವ ಆಮದೂ ಇಲ್ಲ. ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ, ಸದಸ್ಯನ ಕೈಗೆ ಬರುವುದು ಇನ್ನೂ ಪಾಸ್‌ಬುಕ್ಕೇ. ಸಂಘಗಳು ರಿಸರ್ವ್ ಬ್ಯಾಂಕಿನ ಅಂಕೆಯ ಬ್ಯಾಂಕುಗಳಲ್ಲವಾದ್ದರಿಂದ ಅಗ್ರಿಗೇಟರ್ ಜಾಲವೂ ಅಲ್ಲಿಗೆ ತಲುಪುವುದಿಲ್ಲ. ವರ್ಷಕ್ಕೆ ಹತ್ತು ಹದಿನೈದು ನಮೂದು ಇರುವ ಖಾತೆ ಅದು, ಕೈಯಲ್ಲೇ ಬರೆಯಬಹುದು. ಪಾಸ್‌ಬುಕ್ಕಿನಲ್ಲಿ ಸೀಲು ಬಿದ್ದ ದಿನಾಂಕವನ್ನೇ ಹಾಕಿ, ಷೇರು ಹಣ, ಠೇವಣಿ, ಬೆಳೆ ಸಾಲ ಮೂರಕ್ಕೂ ಬೇರೆ ಬೇರೆ ಖಾತೆ ತೆರೆಯಿರಿ.